ಎರಡೊಂದ್ಲ ಎರಡು

ಮನುಷ್ಯನಿಗೆ ಕಣ್ಣು ಎರಡು, ಕಿವಿ ಎರಡು, ಮೂತ್ರಪಿಂಡ ಎರಡು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಬ್ರಹ್ಮ ಮುಂದಾಲೋಚನೆ ಮಾಡಿದ್ದಾನೆ. ಆದರೆ ಎಲ್ಲಕ್ಕಿಂತ ಬೇಗ ಕೆಡುವ ತಲೆಯನ್ನು ಮಾತ್ರ, ತಾನು ನಾಲ್ಕು ಇಟ್ಟುಕೊಂಡು, ನಮಗೆ ಒಂದೇ ಕೊಟ್ಟ.

ಈ ಪಕ್ಷಪಾತವನ್ನು ಸರಿಪಡಿಸಲು ಹೊರಟದ್ದು ತುಮಕೂರಿನಾಚೆ ಶಿರಾ ರಸ್ತೆಯಲ್ಲಿದ್ದ ‘ಸೇತು’ ನರವಿಜ್ಞಾನ ಕೇಂದ್ರ. ಇಂದುಧರ ಅಲ್ಲಿ ಡಾಕ್ಟರನಲ್ಲ. ಕಟ್ಟಡದ ನೆಟ್‌ವರ್ಕ್ ನೋಡಿಕೊಳ್ಳುವವನು. ಡಾಕ್ಟರುಗಳು ಮಿದುಳು ನೋಡುವಾಗ ಇವನು ಮೇಜಿನ ಕೆಳಗೆ ತೂರಿಕೊಂಡು ಕೇಬಲ್ಲು ನೋಡುತ್ತಿದ್ದ. ಅವನ ಕಾಲು ಮಾತ್ರ ಕಂಡು ಅಭ್ಯಾಸವಾಗಿದ್ದ ಜನ ಅವನ ಮುಖ ಕಂಡರೆ ‘ಯಾರು ಬೇಕಿತ್ತು?’ ಎಂದು ಕೇಳುತ್ತಿದ್ದರು.

ಅವನ ಅಣ್ಣ ರುದ್ರಮುನಿಗೆ ಆ ತೊಂದರೆ ಇರಲಿಲ್ಲ. ‘ಮಿಮಿಕ್ರಿ ಮುನಿ’ ಎಂದರೆ ತಿಪಟೂರಿನಿಂದ ಪಾವಗಡದವರೆಗೆ ಗಣಪತಿ ಪೆಂಡಾಲುಗಳೆಲ್ಲ ಕಿವಿ ನಿಮಿರಿಸುತ್ತಿದ್ದವು. ಸರ್ಕಾರಿ ಬಸ್ಸು ಏರು ಹತ್ತುವುದು, ಜೆರಾಕ್ಸ್ ಮಿಷನ್ನಿನಲ್ಲಿ ಹಾಳೆ ಸಿಕ್ಕಿಕೊಳ್ಳುವುದು, ಹೆಂಡತಿ ಬೈಯುವಾಗ ಫೋನಿನ ಸಿಗ್ನಲ್ ಹೋಗುವುದು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ‘ಮುನಿ ಅಂದ್ರೆ ಮೌನವಾಗಿರ್ಬೇಕು. ನಮ್ಮಪ್ಪ ಹೆಸರಿಡುವಾಗ ತಪ್ಪು ತೊಟ್ಟಿಲಿಗೆ ಇಟ್ಟ’ ಎಂದು ಅವನೇ ವೇದಿಕೆಯ ಮೇಲೆ ಹೇಳುತ್ತಿದ್ದ.

ಆದರೆ ಅವನ ಮಿಮಿಕ್ರಿಯ ಗುಟ್ಟಿದ್ದದ್ದು ಮೌನದಲ್ಲೇ. ಪ್ರತಿ ಹೊಸ ದನಿಗೆ ಮುಂಚೆ ಅವನು ಸುಮ್ಮನಾಗುತ್ತಿದ್ದ. ಜನ ಕೆಮ್ಮುವಷ್ಟು, ಕುರ್ಚಿ ಕಿರುಗುಟ್ಟುವಷ್ಟು ಹೊತ್ತು, ಕಣ್ಣು ಅರೆಮುಚ್ಚಿ ಖಾಲಿ ಪಾತ್ರೆಯ ಹಾಗೆ ನಿಲ್ಲುತ್ತಿದ್ದ. ಆಮೇಲೆ ದನಿ ಬರುತ್ತಿತ್ತು, ಪೆಂಡಾಲು ಬಿದ್ದುಹೋಗುವ ಹಾಗೆ.

‘ಅದೇನು ಮಾಡ್ತೀಯ ಅಷ್ಟೊತ್ತು?’ ಎಂದು ಇಂದುಧರ ಒಮ್ಮೆ ಕೇಳಿದ್ದ.

‘ಮನೆ ಖಾಲಿ ಮಾಡ್ತೀನಿ ಕಣೋ. ಇನ್ನೊಬ್ಬರು ಒಳಗೆ ಬರ್ಬೇಕಲ್ಲ? ನಾನೂ ಇದ್ದು ಅವ್ರೂ ಇದ್ರೆ ಅದು ಮಿಮಿಕ್ರಿ ಅಲ್ಲ, ಗದ್ದಲ.’

ಅವ್ವನ ದನಿಯೊಂದನ್ನು ಮಾತ್ರ ಅವನು ವೇದಿಕೆಗೆ ತರುತ್ತಿರಲಿಲ್ಲ. ಅವ್ವ ಹೋದ ವರ್ಷದಿಂದ ಹಿರಿಯರ ಹಬ್ಬದ ದಿನ, ಎಡೆ ಇಟ್ಟ ಮೇಲೆ, ಇಲ್ಲದ ಸೆರಗನ್ನು ಹೆಗಲಿಗೆಳೆದುಕೊಂಡು ಒಂದೇ ಒಂದು ಸಲ ಕರೆಯುತ್ತಿದ್ದ: ‘ಮುನಿಯಾ, ಇಂದೂ, ಮುದ್ದೆ ಆರ್ತದೆ ಬರ್ರೋ!’ ಆ ಕರೆ ಆಗದೆ ಆ ಮನೆಯಲ್ಲಿ ಯಾರೂ ಅಂದು ಎಲೆಯ ಮುಂದೆ ಕೂರುತ್ತಿರಲಿಲ್ಲ. ಅತ್ತಿಗೆ ಗಂಗಾಂಬಿಕೆ ಕಣ್ಣೊರೆಸಿಕೊಂಡು ಸಾರಿನ ಪಾತ್ರೆ ತರುತ್ತಿದ್ದಳು.

ಇಂಥವನಿಗೆ ಕಾಯಿಲೆ ಬಂತು. ಮಿದುಳಿನೊಳಗೆ ಹೆಪ್ಪುಗಟ್ಟಿದ ರಕ್ತದ ಸಣ್ಣ ಸಣ್ಣ ಗರಣೆ. ಮಾತಿನ ನಡುವೆ ಇದ್ದಕ್ಕಿದ್ದಂತೆ ಎಲ್ಲ ನಿಂತುಬಿಡುತ್ತಿತ್ತು. ನಾಲಗೆ, ಕೈ, ನುಂಗುವುದು, ಒಮ್ಮೊಮ್ಮೆ ಉಸಿರು ಕೂಡ. ‘ಇಡೀ ಊರಿಗೆ ಕರೆಂಟ್ ಹೋದ ಹಾಗೆ’ ಎಂದ ರುದ್ರಮುನಿ. ಒಂದು ಸಲ ಇಡ್ಲಿ ಗಂಟಲಲ್ಲಿ ಸಿಕ್ಕಿಕೊಂಡು ಮುಖ ನೀಲಿಯಾಯಿತು. ಗಂಗಾಂಬಿಕೆ ಬೆನ್ನಿಗೆ ಗುದ್ದಿದ ಗುದ್ದಿಗೆ ಇಡ್ಲಿಯೂ ಬಂತು, ಜೀವವೂ ಬಂತು. ಅಂದಿನಿಂದ ಅವಳು ಗಂಡ ಉಣ್ಣುವಾಗ ಎದುರಿಗೇ ಕೂರುವಳು, ತಾನು ಉಣ್ಣುತ್ತಿರಲಿಲ್ಲ.

ಆಗ ಇಂದುಧರ ಒಂದು ಸಂಜೆ ಕಡಲೆಕಾಯಿ ಬಿಡಿಸುತ್ತ ತನ್ನ ಕೇಂದ್ರದ ವಿಷಯ ತೆಗೆದ.

‘ನಮ್ಮ ಆಫೀಸಲ್ಲಿ ಹೊರಗಡೆ ಹೋಗೋ ಬಾಗಿಲು ಒಂದೇ ಅಣ್ಣ. ಗೇಟ್‌ವೇ. ಅದನ್ನ ಕಾಯೋ ರೂಟರ್ ಎರಡು. ಒಬ್ಬ ಕೆಲಸ ಮಾಡ್ತಾನೆ, ಇನ್ನೊಬ್ಬ ಸುಮ್ನೆ ನಿಂತಿರ್ತಾನೆ. ಕೆಲಸ ಮಾಡೋನು ಆಗಾಗ ಒಂದು ಹಲೋ ಪ್ಯಾಕೆಟ್ ಕಳಿಸ್ತಾನೆ.’

‘ಅರ್ಧ ಲೀಟರ್‌ದಾ, ಒಂದು ಲೀಟರ್‌ದಾ?’

‘ಹಾಲಲ್ಲ, ಹಲೋ! “ನಾನಿದೀನಿ” ಅಂತ. ಮೂರು ಸಲ ಬರ್ಲಿಲ್ಲ ಅಂದ್ರೆ ಅವನು ಸತ್ತ ಅಂತ ಲೆಕ್ಕ. ನಿಂತಿದ್ದೋನು ಅದೇ ವಿಳಾಸ, ಅದೇ ಹೆಸರು ಇಟ್ಕೊಂಡು ಬಾಗಿಲಲ್ಲಿ ಕೂತ್ಕೋತಾನೆ. ಹೊರಗಿನೋರಿಗೆ ಬದಲಾಗಿದ್ದೇ ಗೊತ್ತಾಗಲ್ಲ.’

‘ನಿಂತಿರೋನಿಗೆ ಏನಂತೀರಿ?’

‘ಸ್ಟ್ಯಾಂಡ್‌ಬೈ.’

‘ಸರಿಯಾಗೇ ಇಟ್ಟಿದಾರೆ. ಸ್ಟ್ಯಾಂಡು, ಬೈ. ನಿಂತ್ಕೊಂಡು ಬೈಸ್ಕೊಳ್ಳೋನು. ನಿಮ್ಮತ್ತಿಗೆ ಮುಂದೆ ನಾನು ಇಪ್ಪತ್ತು ವರ್ಷದಿಂದ ಅದೇ.’

‘ನಗಾಡ್ಬೇಡ. ಇದನ್ನೇ ಈಗ ತಲೆಗೆ ಮಾಡ್ತಿದಾರೆ.’

ರುದ್ರಮುನಿ ಕಡಲೆಕಾಯಿ ಸಿಪ್ಪೆಯನ್ನು ತಮ್ಮನ ತಲೆಯ ಮೇಲಿಟ್ಟು, ‘ನಿನ್ನ ತಲೆಗೆ ಮೊದಲು ಮಾಡ್ಸು’ ಎಂದ. ಆದರೆ ಗಂಗಾಂಬಿಕೆ ಒಳಗಿನಿಂದ ಬಂದು ನಿಂತಿದ್ದಳು. ‘ಏನದು, ಸರಿಯಾಗಿ ಹೇಳು ಇಂದು’ ಎಂದಳು. ಅಲ್ಲಿಗೆ ತೀರ್ಮಾನವಾಯಿತು.

*

ಸೇತು ಎಂಬ ಯಂತ್ರ ಹುಣಸೆಬೀಜದಷ್ಟಿತ್ತು. ಮಿದುಳಿನಿಂದ ಮೈಗೆ ಅಪ್ಪಣೆಗಳು ಇಳಿಯುವ ಜಾಗದಲ್ಲಿ, ತಲೆಬುರುಡೆಯ ಬುಡದಲ್ಲಿ ಅದನ್ನು ಕೂರಿಸುತ್ತಿದ್ದರು. ಅದರೊಳಗೆ ರೋಗಿಯ ‘ಜೋಡಿ’ ಬೆಳೆಯುತ್ತಿತ್ತು. ತಿಂಗಳುಗಟ್ಟಲೆ ಅವನ ಮಾತು, ನಡಿಗೆ, ಸಿಟ್ಟು, ಸೀನು ಎಲ್ಲವನ್ನೂ ಕಲಿತು, ಅವನು ಇನ್ನೇನು ಮಾಡುತ್ತಾನೆ ಎಂಬುದನ್ನು ಅವನಿಗಿಂತ ಮೊದಲೇ ಊಹಿಸಬಲ್ಲಷ್ಟು ಪಳಗುತ್ತಿತ್ತು. ಕಂಡದ್ದು ಕೇಳಿದ್ದು ಇಬ್ಬರಿಗೂ ಹೋಗುತ್ತಿತ್ತು. ಹೊರಗೆ ಹೋಗುವ ಅಪ್ಪಣೆ ಮಾತ್ರ ಒಬ್ಬರದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯಲ್ಲಿ ಪೂಜಾರಿ ಇರುವ ಜಾಗದಲ್ಲಿ ಈ ಹುಣಸೆಬೀಜ ಇತ್ತು.

ಯಾವಾಗ ಯಾರು ಬಾಗಿಲಲ್ಲಿರಬೇಕು ಎಂಬ ನಿಯಮ ಬರೆಯುವಾಗ ಮಿದುಳಿನ ತಜ್ಞರು ಸೋತರು. ಕೇಂದ್ರದ ಮುಖ್ಯಸ್ಥೆ ಡಾ. ವೈಜಯಂತಿ ಕೊನೆಗೆ ಮೇಜಿನ ಕೆಳಗೆ ಬಗ್ಗಿ, ‘ರೀ ಇಂದುಧರ್, ನಿಮ್ಮ ಎರಡು ರೂಟರ್ ಜಗಳ ಆಡದೆ ಹೇಗೆ ಬಾಳ್ವೆ ಮಾಡ್ತಾವೆ? ಬನ್ನಿ ಮೇಲೆ, ಹೇಳ್ಕೊಡಿ’ ಎಂದಿದ್ದರು.

ಮೇಲೆ ಬಂದವನು ಹೇಳಿಕೊಟ್ಟ. ಮಿದುಳಿನ ಹಲೋ ಯಾವುದು ಎಂಬುದನ್ನು ಅವರು ಹುಡುಕಿದರು: ಒಳಗಿನ ಗೊಣಗು. ಮನುಷ್ಯ ಬಾಯಿ ಮುಚ್ಚಿದರೂ ಮನಸ್ಸು ಮುಚ್ಚುವುದಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ, ಪಕ್ಕದ ಮನೆಯ ಪರಶಿವಯ್ಯ ಹಾಗೆ ಯಾಕೆ ಅಂದ ಎಂದು ಅದು ಗೊಣಗುತ್ತಲೇ ಇರುತ್ತದೆ. ನಿದ್ದೆಯಲ್ಲೂ ಅದಕ್ಕೊಂದು ಗುರುಗುರು ಇದೆ. ಮೂರು ಹಲೋ ತಪ್ಪಿದರೆ ಗರಣೆ ಬಂತೆಂದು ಅರ್ಥ, ಜೋಡಿ ಮುಂದೆ ಬರಬೇಕು. ಉಸಿರಿನ ವಿಷಯವಾದ್ದರಿಂದ ಕಾಯುವ ಹೊತ್ತು ಕಡಿಮೆ, ಒಂದು ಸಲ ಉಗುಳು ನುಂಗುವಷ್ಟು. ನೂರಾರು ಜನರ ಗೊಣಗನ್ನು ಅಳೆದು ನೋಡಿದರು. ಅಷ್ಟು ಹೊತ್ತು ಒಳಗೆ ಸುಮ್ಮನಿರುವ ಆರೋಗ್ಯವಂತ ಒಬ್ಬನೂ ಸಿಗಲಿಲ್ಲ. ಮಿಮಿಕ್ರಿಯವರನ್ನು ಯಾರೂ ಅಳೆದಿರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮಲಗಿದ ಮಿದುಳು ಎದ್ದ ಮೇಲೆ ಬಾಗಿಲನ್ನು ತಾನಾಗಿ ವಾಪಸ್ ಕಿತ್ತುಕೊಳ್ಳಬಹುದೇ? ಮೊದಲ ರೋಗಿ, ಬ್ಯಾಂಕಿನ ಒಬ್ಬ ಮ್ಯಾನೇಜರು, ಕಿತ್ತುಕೊಳ್ಳುವ ನಿಯಮದಿಂದಲೇ ಕಷ್ಟಕ್ಕೆ ಸಿಕ್ಕಿದ್ದರು. ಏಳುವುದು, ಬೀಳುವುದು, ಮತ್ತೆ ಏಳುವುದು. ಅರ್ಧ ವಾಕ್ಯ ಅವರದು, ಅರ್ಧ ಜೋಡಿಯದು. ನಡೆಯುವಾಗ ಎಡಗಾಲು ಒಬ್ಬರಿಗೆ, ಬಲಗಾಲು ಇನ್ನೊಬ್ಬರಿಗೆ. ಮೆಟ್ಟಿಲಲ್ಲಿ ಬಿದ್ದರು.

‘ನೆಟ್‌ವರ್ಕಿನೋರು ಈ ತಪ್ಪು ಮಾಡಲ್ಲ ಮೇಡಂ’ ಎಂದ ಇಂದುಧರ, ಜೀವಮಾನದಲ್ಲಿ ಮೊದಲ ಸಲ ಸಭೆಯೊಂದರಲ್ಲಿ ಎದ್ದು ನಿಂತು. ‘ಕೆಟ್ಟು ಸರಿಹೋದದ್ದನ್ನ ನಾವು ನಂಬಲ್ಲ. ನಡೀತಾ ಇರೋದನ್ನ ಮುಟ್ಟಲ್ಲ. ವಾಪಸ್ ಕೊಡೋದಾದ್ರೆ ಕೈಯಾರೆ ಕೊಡ್ಬೇಕು, ಬಳಸೋರನ್ನ ಕೇಳಿ. ಹಾಗೆ ಕೊಟ್ಟ ಮೇಲೂ ಬಿದ್ದ ಅಂದ್ರೆ ಮತ್ತೆ ಕೊಡಲೇಬಾರದು, ಬೀಗ ಹಾಕ್ಬಿಡ್ಬೇಕು.’

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸಾಲುಗಳನ್ನು ಅವನ ಕೈಯಲ್ಲೇ ಬರೆಸಿದರು. ಯಾರೂ ಬದಲಿಸದ ಹಾಗೆ ಯಂತ್ರದೊಳಗೇ ಅಚ್ಚೊತ್ತಿ ಕೂರಿಸಿದರು.

ರುದ್ರಮುನಿಗೆ ಸೇತು ಹಾಕಿದ್ದು ಅದಾದ ಮೇಲೆ. ಜೋಡಿಗೆ ಪಾಠ ಹೇಳಲು ಅವನು ದಿನವೂ ಕೇಂದ್ರಕ್ಕೆ ಬಂದು ಹುಟ್ಟಿದಾಗಿನಿಂದ ನೆನಪಿದ್ದದ್ದನ್ನೆಲ್ಲ ಹೇಳಿ, ತನ್ನ ಬಸ್ಸು, ಜೆರಾಕ್ಸು, ರಾಜಕಾರಣಿ, ಪುರೋಹಿತ ಎಲ್ಲರನ್ನೂ ಇಳಿಸಿಹೋದ. ಪಾಠ ಮುಗಿಯುವವರೆಗೆ ಬಾಗಿಲು ಬದಲಾಗುವ ನಿಯಮ ಜಾರಿಗೆ ಬರುತ್ತಿರಲಿಲ್ಲ. ‘ಎಲ್ಲಾ ಕೊಟ್ರಾ?’ ಎಂದು ವೈಜಯಂತಿ ಕೇಳಿದಾಗ, ‘ಅವ್ವನ ದನಿ ಬಿಟ್ಟು ಎಲ್ಲಾ ಕೊಟ್ಟಿದೀನಿ ಮೇಡಂ. ಅವಳು ಹೊರಗಡೆ ಬರಲ್ಲ, ಮನೇಲೇ ಇರ್ತಾಳೆ’ ಎಂದ. ಅವರು ನಕ್ಕು, ಪರವಾಗಿಲ್ಲ ಅಂದರು. ಸಂಬಂಧಿಕನಾದ್ದರಿಂದ ಇಂದುಧರ ಅಣ್ಣನ ಪರದೆ ನೋಡಬಾರದು ಎಂಬ ನಿಯಮವಿತ್ತು. ಅವನೂ ನೋಡಲಿಲ್ಲ.

*

ಎಲ್ಲ ಚೆನ್ನಾಗಿಯೇ ನಡೆಯಿತು. ಗಂಗಾಂಬಿಕೆ ಗಂಡನ ಜೊತೆ ಕೂತು ಉಣ್ಣತೊಡಗಿದಳು. ತಿಪಟೂರಿನ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮುನಿ ಮತ್ತೆ ವೇದಿಕೆ ಹತ್ತಿದ. ಇಂದುಧರ ಮುಂದಿನ ಸಾಲಿನಲ್ಲಿದ್ದ. ಬಸ್ಸಿನ ಐಟಂಗೆ ಮುಂಚೆ ಅಣ್ಣ ಸುಮ್ಮನಾದ, ಕಣ್ಣು ಅರೆಮುಚ್ಚಿದ. ಯಾರೋ ಕೆಮ್ಮಿದರು. ಆಮೇಲೆ ಬಸ್ಸು ಬಂತು, ಏರು ಹತ್ತಿತು, ಹುಡುಗರು ಬೆಂಚು ಬಡಿದರು. ಅಂದು ಅಣ್ಣ ಎಂದಿಗಿಂತ ಚುರುಕಾಗಿದ್ದ, ಐಟಂ ಮೇಲೆ ಐಟಂ. ನಡುವೆ ಎಲ್ಲಿಯೂ ನಿಲ್ಲಲಿಲ್ಲ.

ಆ ಮೇಲಿನ ತಪಾಸಣೆಯಲ್ಲಿ ‘ಒಂದು ಸಲ ಬದಲಾವಣೆ ಆಗಿದೆ, ಸುರಕ್ಷಿತ’ ಎಂದು ಬರೆದರು. ‘ಹೇಗಿದೀರಿ?’ ಎಂದರೆ ರೋಗಿ, ‘ನಿಮ್ಮ ಫೀಸ್ ನೋಡೋವರೆಗೂ ಚೆನ್ನಾಗಿದ್ದೆ’ ಎಂದ. ಎಲ್ಲರೂ ನಕ್ಕರು.

ಹಿರಿಯರ ಹಬ್ಬ ಬಂತು. ಗಂಗಾಂಬಿಕೆ ಅವ್ವನ ಫೋಟೋ ಮುಂದೆ ಎಡೆ ಇಟ್ಟಳು. ಮುದ್ದೆ, ಅವರೆಕಾಳಿನ ಸಾರು, ಕರಿಗಡುಬು. ಎಲ್ಲರೂ ರುದ್ರಮುನಿಯನ್ನು ನೋಡಿದರು.

ಅವನು ಅವರನ್ನು ನೋಡಿದ. ‘ಏನು?’ ಎಂದ.

‘ಕರೀರಿ’ ಎಂದಳು ಗಂಗಾಂಬಿಕೆ.

ಒಂದು ಗಳಿಗೆ ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಮೆತ್ತಗೆ ನಕ್ಕು, ‘ಬೇಡ ಬಿಡ್ರೇ. ಅವ್ವ ಮಲಗಿದಾಳೆ, ಎಬ್ಬಿಸೋದ್ಯಾಕೆ?’ ಎಂದ. ಗಂಗಾಂಬಿಕೆಗೆ ದುಃಖ ಉಕ್ಕಿಬಂತು. ‘ಎಷ್ಟು ಚೆನ್ನಾಗಿ ಹೇಳಿದ್ರಿ’ ಎಂದಳು. ಎಲ್ಲರೂ ಕೂತು ಉಂಡರು. ಇಂದುಧರ ಮಾತ್ರ ಎಲೆ ಮಡಿಸಿ ಎದ್ದ.

*

ಮರುದಿನ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಅವನು ನೋಡಬಾರದ ಪರದೆಯನ್ನು ತೆರೆದ.

ಆ್ಯಕ್ಟಿವ್: ಜೋಡಿ. ಸ್ಟ್ಯಾಂಡ್‌ಬೈ: ಮಿದುಳು. ಎರಡಕ್ಕೂ ಹಸಿರು ದೀಪ.

ಬದಲಾದದ್ದು ಯಾವಾಗ ಎಂದು ನೋಡಿದ. ಕಾಲೇಜಿನವರು ಯೂಟ್ಯೂಬಿಗೆ ಹಾಕಿದ್ದ ವಿಡಿಯೊವನ್ನು ಪಕ್ಕದಲ್ಲಿಟ್ಟು ಹೊತ್ತು ತಾಳೆ ಹಾಕಿದ. ಅಣ್ಣ ಕಣ್ಣು ಅರೆಮುಚ್ಚುತ್ತಾನೆ. ಒಂದು ಹಲೋ ಇಲ್ಲ. ಎರಡು ಇಲ್ಲ. ಯಾರೋ ಕೆಮ್ಮುತ್ತಾರೆ. ಮೂರು ಇಲ್ಲ. ಬಸ್ಸು ಹೊರಡುತ್ತದೆ. ಅದಾದ ಕೂಡಲೇ, ಬಸ್ಸು ಮೊದಲ ಗೇರಿನಲ್ಲಿರುವಾಗಲೇ, ಮಿದುಳಿನ ಹಲೋ ಮತ್ತೆ ಬರುತ್ತದೆ. ಅದು ಗಟ್ಟಿಯಾಗಿತ್ತು, ಗರಣೆಯ ಗುರುತೇ ಇರಲಿಲ್ಲ.

ಅಣ್ಣನಿಗೆ ಏನೂ ಆಗಿರಲಿಲ್ಲ. ಮನೆ ಖಾಲಿ ಮಾಡಿದ್ದ, ಅಷ್ಟೆ. ತಿರುಗಿ ಬರುವಷ್ಟರಲ್ಲಿ ಬಾಗಿಲಲ್ಲಿ ಬೇರೆಯವನಿದ್ದ.

ಇಂದುಧರ ಅಣ್ಣನಿಗೆ ಫೋನು ಮಾಡಿದ. ಕಣ್ಣು ಪರದೆಯ ಮೇಲಿನ ಸ್ಟ್ಯಾಂಡ್‌ಬೈ ಗೆರೆಯ ಮೇಲಿತ್ತು.

‘ಏನೋ?’

‘ಅಣ್ಣ, ಚಿಕ್ಕವರಿದ್ದಾಗ ನೀನು ಹಿತ್ತಲಲ್ಲಿ ನಿಂತ್ಕೊಂಡು ಕುಕ್ಕರ್ ಸೀಟಿ ಹೊಡೀತಿದ್ದೆ, ನೆನಪಿದೆಯಾ? ಅವ್ವ ಮೂರಾಯ್ತು ಅಂತ ಒಲೆ ಆರಿಸೋಳು, ಬೇಳೆ ಬೆಂದೇ ಇರ್ತಿರ್ಲಿಲ್ಲ. ನೀನು ಒಳಗಿದ್ರೆ, ಈಗ ಮನಸ್ಸಲ್ಲೇ ಮೂರು ಸೀಟಿ ಹೊಡಿ.’

‘ಒಳಗೆಲ್ಲಿ? ನಾನು ಹೊರಗಿದೀನಿ ಕಣೋ, ಮಂಡಿಪೇಟೆಲಿ. ಸೌತೆಕಾಯಿ ಎಳೇದು ತರ್ಲಾ, ನಿನ್ನಂಥದ್ದು ತರ್ಲಾ?’

ಪರದೆಯ ಗೆರೆ ಒಂದು ಸಲ ನೆಟ್ಟಗೆ ಮೇಲೆ ಹಾರಿತು. ಇಳಿಯಿತು. ಇನ್ನೊಂದು ಸಲ. ಇನ್ನೊಂದು ಸಲ.

‘ಎಳೇದು ತಗೋ’ ಎಂದು ಇಂದುಧರ ಫೋನಿಟ್ಟ.

ವೈಜಯಂತಿ ಸಿಟ್ಟಾಗಲಿಲ್ಲ. ವಿಡಿಯೊ ನೋಡಿದರು, ಗೆರೆ ನೋಡಿದರು. ಬಹಳ ಹೊತ್ತು ಕನ್ನಡಕ ಒರೆಸಿದರು.

‘ವಾಪಸ್ ಕೊಡ್ಬಹುದು. ಆದ್ರೆ ರೋಗಿ ಒಪ್ಪಬೇಕು. ನೀವೇ ಬರೆದ ನಿಯಮ, ಬಳಸೋರನ್ನ ಕೇಳಿ ಅಂತ.’

‘ರೋಗಿ ಒಳಗಿದಾನೆ ಮೇಡಂ!’

‘ಕೇಳಿದ್ರೆ ಉತ್ತರ ಕೊಡೋದು ಯಾರು? ಕಾನೂನಿಗೆ ಬಾಗಿಲಲ್ಲಿ ಇರೋರೇ ರುದ್ರಮುನಿ. ನನಗೂ ಸಂಕಟ ಆಗ್ತದೆ ಇಂದುಧರ್. ಹೋಗಿ, ಅವರನ್ನೇ ಕೇಳಿ ನೋಡಿ.’

ಅವನು ಹೋಗಿ ಕೇಳಿದ. ಜೋಡಿ ಜಗುಲಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿತ್ತು. ತೆಗೆಯುತ್ತಿದ್ದ ಎನ್ನಬೇಕೋ, ಇಂದುಧರನಿಗೆ ತಿಳಿಯದು. ಅಣ್ಣನದೇ ಬೆರಳು, ಅಣ್ಣನದೇ ಉಗುರಿನ ಕಚ್ಚು.

‘ನಾನಲ್ದೆ ಇನ್ಯಾರೋ?’ ಎಂದ ಅವನು, ಎಲ್ಲ ಕೇಳಿಸಿಕೊಂಡು. ಜೋಕು ಹುಡುಕಿದ, ಸಿಗಲಿಲ್ಲ. ‘ಅವ್ವನ ಕೈ ತುತ್ತು ನೆನಪಿದೆ. ನಿನಗೆ ಸೈಕಲ್ ಕಲಿಸಿದ್ದು ನೆನಪಿದೆ. ನಿಮ್ಮತ್ತಿಗೆ ಮೊದಲನೇ ಸಲ ಬೈದಿದ್ದು ನೆನಪಿದೆ. ಹೂಂ, ಇನ್ನೊಬ್ಬ ಇದಾನೆ ಅಂತೀಯ. ಅವನನ್ನ ಹೊರಗೆ ತಂದು ನನ್ನನ್ನ ಒಳಗೆ ತಳ್ತೀಯ. ಆಮೇಲೆ ನಾನು ಅಲ್ಲಿ ಕೂತ್ಕೊಂಡು ಏನು ಮಾಡ್ಲಿ ಇಂದು? ಕತ್ತಲಲ್ಲಿ?’

ಒಳಗೆ ಕತ್ತಲಲ್ಲಿ ಕೂತ ಅಣ್ಣ ಕೇಳಬೇಕಾದ ಪ್ರಶ್ನೆ ಅದು. ಅದನ್ನು ಕೇಳುತ್ತಿದ್ದವನೇ ಬೇರೆ.

‘ಬೇಡ ಕಣೋ’ ಎಂದ ಜೋಡಿ. ‘ನಂಗೆ ಭಯ ಆಗ್ತದೆ.’

*

ಉಳಿದದ್ದು ಒಂದೇ ದಾರಿ, ಕಳ್ಳದಾರಿ. ಸೇತುವಿನ ಹತ್ತಿರ ಕೂತು ಲ್ಯಾಪ್‌ಟಾಪಿನಿಂದ ಕೈಯಾರೆ ಒಂದು ಸಲದ ಆದೇಶ ಕೊಡಬಹುದಿತ್ತು. ಒಂದೇ ಸಲ. ಅದಾದ ಮೇಲೆ ಅಣ್ಣನ ಹಲೋ ಮೂರು ಸಲ ತಪ್ಪಿತೋ, ಬೀಗ. ಆ ಬೀಗಕ್ಕೆ ಕೀಲಿಯೇ ಇರಲಿಲ್ಲ. ಇರಬಾರದೆಂದು ಸಭೆಯಲ್ಲಿ ಎದ್ದು ನಿಂತವನು ಇವನೇ.

ಭಾನುವಾರ, ತಿಂಡಿ ಹೊತ್ತಿಗೆ ಹೋದ. ಜೋಡಿ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ. ಗಂಗಾಂಬಿಕೆ ದೋಸೆ ಹುಯ್ಯುತ್ತಿದ್ದಳು. ಇಂದುಧರ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ಎರಡು ಸಾಲು ಟೈಪು ಮಾಡಿದ. ಆಮೇಲೆ ಅಣ್ಣನ ಮುಖ ನೋಡುತ್ತ, ಒಳಗಿನವನಿಗೆ, ಬೇಗ ಬೇಗ ಹೇಳಿದ:

‘ಅಣ್ಣ, ಬಾಗಿಲು ತೆಗೀತೀನಿ. ಒಳಗೆ ಸುಮ್ಮನಾಗ್ಬೇಡ. ಒಂದು ಗಳಿಗೇನೂ ಆಗ್ಬೇಡ. ಮಗ್ಗಿ ಹೇಳ್ಕೋ, ನಿಲ್ಲಿಸ್ಬೇಡ.’

‘ಯಾವ ಮಗ್ಗಿನೋ, ಬೆಳಿಗ್ಗೆ ಬೆಳಿಗ್ಗೆ ನಿನಗೆ ತಲೆ...’

ಇಂದುಧರ ಎಂಟರ್ ಒತ್ತಿದ.

ಪೇಪರು ಕೆಳಗೆ ಬಿತ್ತು. ರುದ್ರಮುನಿಯ ಬಾಯಿ ಒಂದು ಕಡೆಗೆ ಜಗ್ಗಿತು. ಎಷ್ಟೋ ತಿಂಗಳು ತಾನಾಗಿ ಆಡಿಸದ ನಾಲಗೆ ಹಲ್ಲಿಗೆ ತಾಗಿ ತಡವರಿಸಿತು.

‘ಎ... ಎರ... ಎರಡೊಂದ್ಲ ಎರಡು’ ಎಂದ. ಕಣ್ಣಿನಿಂದ ನೀರು ಸುರಿಯತೊಡಗಿತು. ‘ಎರಡೆರಡ್ಲ ನಾಕು. ಇಂದೂ. ಎರಡ್ಮೂರ್ಲ ಆರು. ನನ್ನ ಮಗನೇ, ಎಷ್ಟು ಲೇಟು ಮಾಡ್ದೆ. ಎರಡ್ನಾಕ್ಲ ಎಂಟು.’

ಇಂದುಧರ ಅವನ ಮಂಡಿ ಹಿಡಿದುಕೊಂಡು ಅತ್ತ, ನಕ್ಕ. ಸದ್ದು ಕೇಳಿ ಗಂಗಾಂಬಿಕೆ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ಓಡಿಬಂದಳು. ಅವಳು ಕಂಡದ್ದು, ಬಾಯಿ ಸೊಟ್ಟಗಾಗಿ, ಜೊಲ್ಲು ಸುರಿಸುತ್ತ, ಎರಡರ ಮಗ್ಗಿ ಹೇಳುತ್ತಿರುವ ಗಂಡನನ್ನು.

‘ಅಯ್ಯೋ ಶಿವನೇ! ಏನಾಯ್ತ್ರೀ? ಇಂದು, ಸೇತು ಕೆಟ್ಟೋಯ್ತೇನೋ? ಫೋನ್ ಮಾಡು ಮೇಡಂಗೆ!’

‘ಗಂಗಾ, ಎರಡೈದ್ಲ ಹತ್ತು, ನಾನು ಕಣೇ. ಎರಡಾರ್ಲ ಹನ್ನೆರಡು. ಇಷ್ಟು ದಿನ ಇದ್ದೋನು ನಾನಲ್ಲ. ಎರಡೇಳ್ಲ ಹದಿನಾಕು.’

‘ಇವ್ರಿಗೆ ಚಿತ್ತ ಕೆಟ್ಟಿದೆ! ನೀನೇನೋ ಮಾಡಿದೀಯ, ಸರಿ ಮಾಡೋ, ಮೊದಲಿನ ಹಾಗೆ ಮಾಡೋ!’ ಅವಳು ಫೋನು ತೆಗೆದುಕೊಂಡಾಗಿತ್ತು. ಕೇಂದ್ರದವರು ಅಲ್ಲಿಂದಲೇ ಒಂದು ಗುಂಡಿ ಒತ್ತಿ ಜೋಡಿಯನ್ನು ಮತ್ತೆ ಬಾಗಿಲಲ್ಲಿ ಕೂರಿಸಿದರೆ ಎಲ್ಲ ಮುಗಿದ ಹಾಗೆ. ಇಂದುಧರ ಅಡ್ಡ ಹೋದ. ಹೇಳಲು ನೋಡಿದ. ಹೇಳಿದ್ದೆಲ್ಲ ಅವನಿಗೇ ಹುಚ್ಚುಹುಚ್ಚಾಗಿ ಕೇಳಿಸಿತು. ಗಂಗಾಂಬಿಕೆ ಗಂಡನ ಕಡೆ ತಿರುಗಿದಳು. ದನಿ ಒಡೆದಿತ್ತು.

‘ನೀವೇ ಆದ್ರೆ ಅವ್ವನ ಕರೆ ಕರೀರಿ. ಈಗ ಕರೀರಿ. ನಂಬ್ತೀನಿ.’

‘ಬೇಡ!’ ಎಂದು ಇಂದುಧರ ಕಿರುಚಿದ. ‘ಅಣ್ಣ, ಅದೊಂದು ಬೇಡ! ಮಗ್ಗಿ ಹೇಳು!’

‘ಎರಡೆಂಟ್ಲ ಹದಿನಾರು’ ಎಂದ ರುದ್ರಮುನಿ. ಹೆಂಡತಿಯನ್ನು ನೋಡಿದ. ಅವಳ ಹೆಬ್ಬೆರಳು ಫೋನಿನ ಮೇಲಿತ್ತು. ‘ಎರಡೊಂಬತ್ಲ...’

ನಿಲ್ಲಿಸಿದ.

ಕಣ್ಣು ಅರೆಮುಚ್ಚಿದ. ಜಗ್ಗಿದ್ದ ಬಾಯಿ ನೆಟ್ಟಗಾಯಿತು. ಅಡುಗೆಮನೆಯಲ್ಲಿ ದೋಸೆ ಸೀಯುವ ವಾಸನೆ ಬಂತು. ಅವನ ಎಡಗೈ ಮೆಲ್ಲಗೆ ಎದ್ದಿತು, ಇಲ್ಲದ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿಯಿತು, ಹೆಗಲಿನತ್ತ ಎಳೆಯಿತು. ಗಂಗಾಂಬಿಕೆಯ ಹೆಬ್ಬೆರಳು ಫೋನಿನಿಂದ ಮೇಲೆದ್ದಿತು. ತುಟಿ ‘ಮು’ ಎಂಬಷ್ಟಕ್ಕೆ ಗುಂಡಗಾಯಿತು.

ಕೈ ಹೆಗಲಿನ ಹತ್ತಿರ ಹೋಗಿ ನಿಂತಿತು. ಹೆಗಲನ್ನು ಪರಪರ ಕೆರೆಯಿತು.

‘ಗಂಟಲು ಸರಿಯಿಲ್ಲ ಕಣೇ’ ಎಂದ ಜೋಡಿ, ಸುಸ್ತಾದ ದನಿಯಲ್ಲಿ. ‘ಏನಾಯ್ತು ನಂಗೆ? ಉಸಿರೇ ಕಟ್ದಂಗಾಯ್ತು. ಇಂದು, ಏನೋ ಮಾಡ್ದೆ ನನಗೆ?’

‘ಸದ್ಯ!’ ಎಂದು ಗಂಗಾಂಬಿಕೆ ಕುಸಿದು ಕೂತಳು. ‘ಸದ್ಯ!’

ಲ್ಯಾಪ್‌ಟಾಪಿನ ಪರದೆಯಲ್ಲಿ ಬೀಗದ ಚಿತ್ರ ಬಂದಿತ್ತು. ಅದರ ಕೆಳಗೆ ಸ್ಟ್ಯಾಂಡ್‌ಬೈ ಗೆರೆ ಹಾರುತ್ತಿತ್ತು, ಇಳಿಯುತ್ತಿತ್ತು, ಹಾರುತ್ತಿತ್ತು. ಅದು ಸೀಟಿಯಾಗಿರಲಿಲ್ಲ. ಒಂಬತ್ತನೆಯ ಸಾಲಿನಿಂದ ಮುಂದಕ್ಕೆ, ಯಾರಿಗೂ ಕೇಳದ ಹಾಗೆ, ಮಗ್ಗಿ ನಡೆದಿತ್ತು.

*

ರೋಗಿ ದೂರು ಕೊಟ್ಟ. ಕೊಡದೆ ಏನು ಮಾಡಿಯಾನು, ಅವನೂ ಬದುಕಬೇಕಲ್ಲ. ಇಂದುಧರನನ್ನು ಕಂಟ್ರೋಲ್ ರೂಮಿನಿಂದ ತೆಗೆದು ಕ್ಯಾಂಟೀನಿನ ಬಿಲ್ಲಿಂಗ್ ನೆಟ್‌ವರ್ಕಿಗೆ ಹಾಕಿದರು. ಅಲ್ಲಿಯೂ ರೂಟರ್ ಎರಡೇ. ಒಂದು ಸತ್ತರೆ ಇನ್ನೊಂದು ಬರುತ್ತಿತ್ತು, ಚಿತ್ರಾನ್ನದ ಬಿಲ್ಲು ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಂಗಾಂಬಿಕೆ ಕ್ಯಾಂಟೀನಿಗೇ ಬಂದಳು. ಜೊತೆಗೆ ಒಂದು ಡಬ್ಬಿ ಚಕ್ಕುಲಿ ತಂದಿದ್ದಳು. ಬಹಳ ಹೊತ್ತು ಅದರ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದಳು.

‘ಆ ಕೈ ನಾನು ನೋಡ್ದೆ ಇಂದು’ ಎಂದಳು. ‘ಸೆರಗು ಎಳ್ಕೊಂಡ ಕೈ.’

ಇಂದುಧರ ತಲೆ ಎತ್ತಿದ.

‘ನೋಡಿಲ್ಲ ಅಂದ್ಕೊಂಡಿದೀನಿ. ನೀನೂ ಹಾಗೇ ಅಂದ್ಕೋ. ಬಾಗಿಲಿಗೆ ಬೀಗ ಬಿದ್ದ ಮೇಲೆ ಕಿಟಕೀಲಿ ಇಣುಕಿ ಏನು ಮಾಡ್ಲಿ? ಇವ್ರು ನನ್ನ ಜೊತೆ ಕೂತು ಉಣ್ತಾರೆ. ನಂಗೆ ಜ್ವರ ಬಂದ್ರೆ ಗಂಜಿ ಕಾಯಿಸ್ತಾರೆ. ಒಂದೊಂದ್ಸಲ ಮಲಗಿರೋರ ತಲೆ ಹತ್ತಿರ ಹೋಗಿ, “ರೀ, ಇವತ್ತು ಇಷ್ಟಾಯ್ತು” ಅಂತ ಹೇಳಿ ಬರ್ತೀನಿ. ಕೇಳಿಸ್ತದಾ ಅವ್ರಿಗೆ?’

‘ಕೇಳಿಸ್ತದೆ ಅತ್ತಿಗೆ.’

‘ಅಯ್ಯೋ’ ಎಂದಳು. ಕೇಳಿಸುವುದಿಲ್ಲ ಎನ್ನಲಿ ಎಂದು ಬಂದವಳ ಹಾಗೆ.

ಮರುವರ್ಷ ಮಳೆಗಾಲ ಮುಗಿಯುತ್ತ ಬಂದಾಗ ವೈಜಯಂತಿ ಕಾಫಿ ಕುಡಿಯುವ ನೆಪದಲ್ಲಿ ಬಂದು ಅವನ ಎದುರು ಕೂತರು. ಕಾಫಿ ಕುಡಿಯಲಿಲ್ಲ.

‘ನಿಮ್ಮಣ್ಣನ ಸ್ಟ್ಯಾಂಡ್‌ಬೈ ಹಲೋ ನಿಂತಿದೆ, ಇಂದುಧರ್. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ರಕ್ತ ಓಡ್ತಾ ಇದೆ, ಗರಣೆ ಇಲ್ಲ. ಸುಮ್ಮನೆ... ನಿಂತಿದೆ. ನಿಯಮದ ಪ್ರಕಾರ ಸ್ಟ್ಯಾಂಡ್‌ಬೈ ಇಲ್ಲದೆ ಬಿಡೋ ಹಾಗಿಲ್ಲ. ಮಿದುಳಿನ ಜಾಗಕ್ಕೆ ಇನ್ನೊಂದು ಜೋಡಿ ಹಾಕಿದೀವಿ.’

‘ಎರಡೂ ಹಸಿರಾ?’

‘ಎರಡೂ ಹಸಿರು.’

ಆ ವರ್ಷದ ಹಿರಿಯರ ಹಬ್ಬಕ್ಕೆ ಇಂದುಧರ ಹೋಗಬಾರದೆಂದುಕೊಂಡಿದ್ದ, ಹೋದ. ಎಡೆ ಇಟ್ಟಾಗಿತ್ತು. ಅಣ್ಣ ಎಲೆಗಳ ನಡುವೆ ಓಡಾಡುತ್ತ ಜೆರಾಕ್ಸ್ ಮಿಷನ್ನಿನಲ್ಲಿ ಹಾಳೆ ಸಿಕ್ಕಿಸಿದ, ಬಸ್ಸನ್ನು ಏರು ಹತ್ತಿಸಿದ. ಬಂದ ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಗಾಂಬಿಕೆಯೂ ನಕ್ಕಳು.

‘ಯಾಕೋ ಇಂದು, ನೀನೊಬ್ನೇ ನಗ್ತಾ ಇಲ್ಲ?’ ಎಂದ ಅಣ್ಣ, ಮಿದುವಾಗಿ. ‘ಇನ್ನೂ ಸಿಟ್ಟಾ?’

ಇಂದುಧರ ಅವನ ಮುಖ ನೋಡಿದ. ಆ ಮುಖದ ಹಿಂದೆ ಎಲ್ಲೋ, ಕಣ್ಣು ಅರೆಮುಚ್ಚಿ, ಮನೆ ಖಾಲಿ ಮಾಡಿಕೊಂಡು ನಿಂತವನೊಬ್ಬನಿದ್ದನೋ, ಖಾಲಿ ಮನೆಯಷ್ಟೇ ಉಳಿದಿತ್ತೋ, ಯಾವ ಪರದೆಯೂ ಹೇಳುವಂತಿರಲಿಲ್ಲ.

‘ಸಿಟ್ಟೇನಿಲ್ಲ’ ಎಂದ. ‘ಅಣ್ಣ ಇನ್ನೂ ಶುರು ಮಾಡಿಲ್ಲ.’

ಯಾರಿಗೂ ಅರ್ಥವಾಗಲಿಲ್ಲ, ಗಂಗಾಂಬಿಕೆಯೊಬ್ಬಳನ್ನು ಬಿಟ್ಟು. ಅವಳು ಸಾರಿನ ಪಾತ್ರೆ ಹಿಡಿದು, ಅವ್ವನ ಕರೆಗೆ ಕಾದವಳ ಹಾಗೆ, ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಎಲ್ಲರೂ ಎಲೆಯ ಮುಂದೆ ಕೂತು ಅವಳನ್ನು ನೋಡಿದರು. ಅವಳು ಬರಲಿಲ್ಲ. ಮುದ್ದೆ ಆರುತ್ತಿತ್ತು.